ಹುಷಾರಾದ ಮೇಲೆ ಓಡಿದ್ದು

"ಓಡಿ ಓಡಿ ಹುಷಾರಾದ್ರಂತೆ ನಮ್ಮ ಮೇಷ್ಟ್ರು" ಎಂದು ಕೊಟ್ಟೂರಿನಲ್ಲಿ ಜನ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಅಕ್ಕರೆಯಿಂದಲೇ ಆಡುವ ಮಾತು. ಆದರೂ ತಿದ್ದದೆ ಬಿಡಲು ಮನಸ್ಸಾಗುವುದಿಲ್ಲ. ಯಾರೋ ಒಬ್ಬರು ಇದನ್ನು ನಂಬಿ ಮಾತ್ರೆ ಬಿಟ್ಟು ಬೂಟು ಕಟ್ಟಿಕೊಂಡರೆ ಗತಿಯೇನು? ನಾನು ಹುಷಾರಾದದ್ದು ಮಾತ್ರೆಯಿಂದ, ಮಾತಿನಿಂದ, ಜೊತೆಗೆ ಬಂದವರಿಂದ. ಓಟ ಬಂದದ್ದು ಆಮೇಲೆ.

ಖಿನ್ನತೆಯ ಕಾಯಿಲೆಯ ದಿನಗಳಲ್ಲಿ ಓಟದ ಮಾತಿರಲಿ, ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ದೊಡ್ಡ ಪ್ರಯಾಣವಾಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಊಟ ರುಚಿಸದು. ಒಂದು ದಿನ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದವನು ಅರ್ಧಕ್ಕೆ ನಿಂತುಬಿಟ್ಟೆ. ಮುಂದಿನ ಹೆಸರು ಕಣ್ಣೆದುರಿಗೇ ಇದೆ, ಬೆರಳು ಅದರ ಮೇಲೇ ಇದೆ, ಬಾಯಿಗೆ ಬರುತ್ತಿಲ್ಲ. ಕೊಟ್ರೇಶ ಎಂಬ ಹೆಸರು ಅದು. ಈ ಊರಲ್ಲಿ ದಿನಕ್ಕೆ ಹತ್ತು ಸಲ ಕೂಗುವ ಹೆಸರು. ಮುಂದಿನ ಬೆಂಚಿನ ಹುಡುಗನೇ ಎದ್ದು ಬಂದು, ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಉಳಿದ ಹೆಸರುಗಳನ್ನು ಕೂಗಿ ಮುಗಿಸಿದ.

ಹರಪನಹಳ್ಳಿ ಕಡೆಯ ನಮ್ಮೂರಿನಲ್ಲಿ ಇದಕ್ಕೆ ಬೇರೆ ಬೇರೆ ಕಾರಣ ಹುಟ್ಟಿದವು. ಗಾಳಿ ಸೋಕೈತಿ ಎಂದರು, ಯಾರೋ ಮಾಡಿಸ್ಯಾರ ಎಂದರು. ಅಂತ್ರ ಕಟ್ಟಿಸಿದ್ದಾಯಿತು. ಅವ್ವ ಉಚ್ಚಂಗೆಮ್ಮನಿಗೆ ಮುಡಿಪು ಕಟ್ಟಿದಳು, ಕೊಟ್ಟೂರೇಶ್ವರನ ತೇರಿಗೆ ನಡೆದುಕೊಂಡೇ ಬರುತ್ತೇನೆಂದು ಹರಕೆ ಹೊತ್ತಳು. ಅವಳ ಹರಕೆಯನ್ನು ನಾನು ಹಗುರವಾಗಿ ಕಾಣಲಾರೆ. ನನ್ನ ಮಗ ಬದುಕಬೇಕು ಎಂದು ಅವಳಿಗೆ ತಿಳಿದ ಭಾಷೆಯಲ್ಲಿ ಹೇಳಿದ ಮಾತು ಅದು. ಆದರೆ ಬಸ್ಸು ಹತ್ತಿಸಿದವರು ಸೋದರಮಾವ. "ದೇವ್ರು ದೇವ್ರ ಕೆಲ್ಸ ಮಾಡ್ಲಿ, ಡಾಕ್ಟ್ರು ಡಾಕ್ಟ್ರ ಕೆಲ್ಸ ಮಾಡ್ಲಿ. ಏಳು ಅಳಿಯಾ" ಎಂದು ಅಂಗಿ ತೊಡಿಸಿ ಎಬ್ಬಿಸಿಕೊಂಡು ಹೋದರು.

ಖಿನ್ನತೆಯ ಮಾತ್ರೆ ನುಂಗಿದ ಮರುದಿನವೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡು ಮೂರು ವಾರ ಬೇಕು. ಬಾಯಿ ಒಣಗುವುದು, ಹೊಟ್ಟೆ ತೊಳಸುವುದು ಮಾತ್ರ ಮೊದಲೇ ಶುರುವಾಗಬಹುದು. ಎಷ್ಟೋ ಜನ ಕೈಬಿಡುವುದು ಈ ಹೊತ್ತಿನಲ್ಲೇ. ಮಾವ ಭಾನುವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಕಿಟಕಿಯ ಬೆಳಕಿಗೆ ಮಾತ್ರೆಯ ಶೀಟನ್ನು ಹಿಡಿದು, ಖಾಲಿಯಾದ ಗುಳಿಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಎಣಿಸುತ್ತಿದ್ದರು. ಲೆಕ್ಕ ಸರಿಯಿದ್ದರೆ ಚಹಾ ಕುಡಿದು, ಮಳೆ ಬೆಳೆಯ ಮಾತಾಡಿ ಹೋಗುವರು. ನನ್ನನ್ನು ಉಳಿಸಿದವರಲ್ಲಿ ಆ ಹೆಬ್ಬೆರಳಿಗೆ ಮೊದಲ ಜಾಗ.

ಹೀಗೆ ಮನೆಯ ಹತ್ತಿರವೇ ಮನಸ್ಸಿನ ಕಾಯಿಲೆಗೆ ಮದ್ದು ಸಿಗಬೇಕು ಎಂಬ ವಿಚಾರಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. ಇದು ಗೊತ್ತಾದಾಗ ನನಗೆ ಹೆಮ್ಮೆಯ ಜೊತೆ ಸಂಕಟವೂ ಆಯಿತು. ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ನಡೆಸಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆಗ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲವೂ ಬಳ್ಳಾರಿಯವೇ. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟರು. ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ರೋಗಿಯನ್ನು ಗುರುತಿಸಲು, ಮಾತ್ರೆ ತಪ್ಪದಂತೆ ನೋಡಿಕೊಳ್ಳಲು ಕಲಿಸಿದರು. ಅಗತ್ಯವಾದ ಕೆಲವೇ ಔಷಧಿಗಳನ್ನು ಹಳ್ಳಿಯ ದವಾಖಾನೆಯಲ್ಲೇ ಇಟ್ಟರು. ಡಾ. ಆರ್. ಶ್ರೀನಿವಾಸಮೂರ್ತಿಯವರಂಥ ಮನೋವೈದ್ಯರು ಇದರ ಹಿಂದಿದ್ದರು. ಐದು ವರ್ಷದ ಈ ಪ್ರಯೋಗಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರು ಬಂತು. 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹೋದದ್ದು ಇದೇ ಮಾದರಿ. ಇಡೀ ದೇಶಕ್ಕೆ ದಾರಿ ತೋರಿದ ಊರುಗಳಲ್ಲಿ ನಾವು ಇನ್ನೂ ಅಂತ್ರ ಕಟ್ಟಿಸುತ್ತ ತಿಂಗಳುಗಟ್ಟಲೆ ಕಾಯುತ್ತೇವೆ.

ನಾನು ಓಡಲು ಶುರುಮಾಡಿದ್ದು ಉಜ್ಜಿನಿ ರಸ್ತೆಯಲ್ಲಿ. ಮೊದಲು ನಡಿಗೆ, ಆಮೇಲೆ ಒಂದು ಲೈಟುಕಂಬದಿಂದ ಇನ್ನೊಂದಕ್ಕೆ ಓಟ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರು ಬೈಕು ನಿಲ್ಲಿಸಿ, "ಯಾಕ್ರೀ ಮೇಷ್ಟ್ರೇ, ಏನಾತು? ಹತ್ರಿ, ಬಿಡ್ತೀನಿ" ಎನ್ನುತ್ತಿದ್ದರು. ನಮ್ಮ ಕಡೆಯ ರಸ್ತೆಗಳ ಗುಣವೇ ಅದು. ತೇರಿನ ಸಮಯದಲ್ಲಿ ನೋಡಬೇಕು. ದಾವಣಗೆರೆ ಕಡೆಯಿಂದ, ಹರಪನಹಳ್ಳಿ ಕಡೆಯಿಂದ ಸಾವಿರಾರು ಜನ ಕೊಟ್ಟೂರಿಗೆ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಶಾಮಿಯಾನ, ಮಜ್ಜಿಗೆ, ಮಂಡಕ್ಕಿ, ಬಿಸಿನೀರು. ಗುರುತು ಪರಿಚಯವಿಲ್ಲದ ಹೆಂಗಸಿನ ಬೊಬ್ಬೆಯೆದ್ದ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುವ ಹುಡುಗರನ್ನು ನಾನು ಕಂಡಿದ್ದೇನೆ. ಕಾಲು ಸೋತವರಿಗೆ ಇಷ್ಟು ಮಾಡುವ ಜನ ಮನಸ್ಸು ಸೋತವರ ಮನೆಯ ಮುಂದೆ ಮಾತ್ರ ದನಿ ತಗ್ಗಿಸಿ ದಾಟುತ್ತಾರೆ. ಪಾದದ ಬೊಬ್ಬೆ ಕಣ್ಣಿಗೆ ಕಾಣುತ್ತದೆ. ಇದು ಕಾಣುವುದಿಲ್ಲ, ಹೇಳಿಕೊಂಡರೆ ಮಾತ್ರ ತಿಳಿಯುತ್ತದೆ.

ಹೇಳಿಕೊಳ್ಳಲು ನನಗೊಂದು ನೆಪ ಬೇಕಿತ್ತು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದಲ್ಲಿ ಓಡುವವರು ತಾವು ಮೆಚ್ಚಿದ ಸೇವಾಸಂಸ್ಥೆಗೆ ಹಣ ಕೂಡಿಸಬಹುದು. ನಟಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ವಿಷಯವನ್ನು ಬಹಿರಂಗವಾಗಿ ಹೇಳಿದ್ದು 2015ರಲ್ಲಿ. ಅವರ ಲಿವ್ ಲವ್ ಲಾಫ್ ಸಂಸ್ಥೆ ಹಳ್ಳಿಗಳಲ್ಲಿ ಕೆಲಸ ಆರಂಭಿಸಿದ್ದು 2016ರಲ್ಲಿ, ದಾವಣಗೆರೆ ಜಿಲ್ಲೆಯಿಂದ. ಹರಪನಹಳ್ಳಿ ಆಗ ಆ ಜಿಲ್ಲೆಗೇ ಸೇರಿತ್ತು. ಹಳ್ಳಿಯ ರೋಗಿಗಳಿಗಾಗಿ ಅಂಥದೇ ಕೆಲಸ ಮಾಡುವ ಒಂದು ಸಂಸ್ಥೆಗೆ ನಾನು ಓಡಿದೆ.

ಚೀಟಿ ಪುಸ್ತಕ ಹಿಡಿದು ಊರೂರು ತಿರುಗಿದೆ. ಕೇಳಿದವರಿಗೆಲ್ಲ ಮೊದಲು ನನ್ನ ಕಾಯಿಲೆಯ ಹೆಸರು ಹೇಳುತ್ತಿದ್ದೆ, ಆಮೇಲೆ ಹಣದ ಮಾತು. ಹಗರಿಬೊಮ್ಮನಹಳ್ಳಿಯ ಶೇಂಗಾ ವ್ಯಾಪಾರಿಯೊಬ್ಬರು ಹಣ ಕೊಟ್ಟು, ಚೀಟಿ ಹರಿಯುವ ತನಕವೂ ಕಾದು, ಅಂಗಡಿಯ ಹುಡುಗನನ್ನು ಹೊರಗೆ ಕಳಿಸಿ, ತಮ್ಮ ತಮ್ಮನ ಕತೆ ಹೇಳಿದರು. ಹಡಗಲಿಯಲ್ಲಿ ಮಲ್ಲಿಗೆ ಬಿಡಿಸುತ್ತಿದ್ದ ಅಕ್ಕ ಸೊಂಟದ ಚೀಲದಿಂದ ಐವತ್ತು ರೂಪಾಯಿ ತೆಗೆದು ಕೊಟ್ಟಳು. "ನಮ್ಮನಿಯವ್ರು ಮಾತೇ ಬಿಟ್ಟಾರ್ರೀ ಸಾರ್. ಎಲ್ಲಿ ತೋರಿಸ್ಬೇಕು?" ಎಂದಳು. ಹಣ ಕೂಡಿದ್ದಕ್ಕಿಂತ ಇಂಥ ಪ್ರಶ್ನೆಗಳು ಕೂಡಿದ್ದೇ ದೊಡ್ಡದು ಎಂದು ನನಗೆ ಈಗಲೂ ಅನಿಸುತ್ತದೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದೆಂಬುದರ ಮೇಲೆ, ಮನಸ್ಸಿನ ಕಾಯಿಲೆಯ ನೂರು ಜನರಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಆ ಅಕ್ಕನ ಯಜಮಾನರು ಆ ಲೆಕ್ಕದೊಳಗೇ ಇದ್ದರು.

ಬೆಂಗಳೂರಿನ ಓಟದ ಬಗ್ಗೆ ಹೆಚ್ಚು ಹೇಳಲಾರೆ. ಹಲಸೂರು ಕೆರೆಯ ಹತ್ತಿರ ಉಸಿರು ಕಟ್ಟಿತು, ನಡೆದೆ, ಮತ್ತೆ ಓಡಿ ಮುಗಿಸಿದೆ. ಎದೆಯ ಮೇಲೆ ಸಂಸ್ಥೆಯ ಹೆಸರಿತ್ತು.

ಹಣ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಮಾತು. ನಮ್ಮ ಕಡೆ ಮಳೆ ಕೈಕೊಟ್ಟರೆ ಮನೆಗೆ ಮನೆಯೇ ಗುಳೆ ಹೋಗುತ್ತದೆ, ಮಲೆನಾಡಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ. ಗುಳೆ ಹೋದವರ ಮಾತ್ರೆ ತಪ್ಪುತ್ತದೆ, ತಪ್ಪಿದರೆ ಕಾಯಿಲೆ ಮರಳಬಹುದು. ಅವರನ್ನು ಹುಡುಕಿ ಫೋನು ಮಾಡಲು, ಮಾತ್ರೆ ಮುಟ್ಟಿಸಲು, ಬಸ್‌ಚಾರ್ಜು ಕೊಟ್ಟು ಆಸ್ಪತ್ರೆಗೆ ಕರೆತರಲು ಒಬ್ಬ ಮನುಷ್ಯ ಬೇಕು. ಆ ಮನುಷ್ಯನಿಗೆ ಸಂಬಳ ಬೇಕು. ನನ್ನ ಮಾವನಂಥವರು ಎಲ್ಲರ ಮನೆಯಲ್ಲೂ ಇರುವುದಿಲ್ಲ.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ವ್ಯವಸ್ಥೆಯನ್ನು ನಮ್ಮ ಸರ್ಕಾರ 2014ರಲ್ಲೇ ಮಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಬರುತ್ತಾರೆಂದು ಹೋಗಿ ಕೇಳಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಾತ್ರೆ ನುಂಗುತ್ತಿರುವವರು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನಿಮ್ಮ ಓಣಿಯಲ್ಲಿ ಮಾತು ಬಿಟ್ಟು ಕೂತವರು ಇದ್ದರೆ ಈ ಭಾನುವಾರ ಅವರ ಮನೆಗೆ ಹೋಗಿ ಬನ್ನಿ.