ದೇವರಗುಡ್ಡದ ಹಾದಿಯೂ ಮಳೆಯಲ್ಲಿ ನೆನೆದ ಮೋಟಾರೂ

ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡವು ಮೈಲಾರಲಿಂಗನ ಭಕ್ತರಿಗೆ ಚಿರಪರಿಚಿತವಾದ ಕ್ಷೇತ್ರವು. ಇಲ್ಲಿ ಆತನನ್ನು ಮಾಲತೇಶನೆಂದು ಕರೆಯುವರು. ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬನೆಂದು ಪೂಜೆಗೊಳ್ಳುವ ದೇವರೂ ಈತನ ರೂಪಾಂತರವೇ ಎಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಹುಬ್ಬಳ್ಳಿ–ಹರಿಹರದ ರೈಲುದಾರಿಯಲ್ಲಿ ಬ್ಯಾಡಗಿಗೂ ರಾಣೇಬೆನ್ನೂರಿಗೂ ನಡುವೆ ಈ ಹೆಸರಿನ ನಿಲ್ದಾಣವೇ ಉಂಟು. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವುದು.

ದಸರೆಯ ಕಾಲದಲ್ಲಿ ಇಲ್ಲಿ ಕಾರಣಿಕವಾಗುವುದು. ಉಪವಾಸವ್ರತದಲ್ಲಿದ್ದ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, ಜನಸಮೂಹವು ನಿಶ್ಶಬ್ದವಾದೊಡನೆ ಒಂದೇ ಒಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುವನು; ಕೆಳಗೆ ನಿಂತವರು ಕೈಯೊಡ್ಡಿ ಹಿಡಿಯುವರು. ಆ ಕಿರುನುಡಿಯಲ್ಲಿ ರೈತನು ಮಳೆಬೆಳೆಯನ್ನೂ, ವ್ಯಾಪಾರಿಯು ಪೇಟೆಯ ಧಾರಣೆಯನ್ನೂ, ಮತ್ತೊಬ್ಬನು ರಾಜಕಾರಣವನ್ನೂ ಕಾಣುವನು.

ಕೆಲವು ವರ್ಷಗಳ ಹಿಂದೆ ನಾವು ಮಿತ್ರರೊಬ್ಬರ ಕುಟುಂಬದೊಡನೆ ಈ ಉತ್ಸವಕ್ಕೆ ಹೋಗಿದ್ದೆವು. ವಾಹನವು ಅವರ ತಂದೆಯವರು ಕೊಂಡಿದ್ದ ಅಂಬಾಸಿಡರ್ ಮೋಟಾರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಜಾತಿಯ ಗಾಡಿಗಳ ನಿರ್ಮಾಣವು 2014ರಲ್ಲಿ ನಿಂತುಹೋಯಿತು. ಮಳೆ ಬಂದಾಗಲೆಲ್ಲ ನಡೆಗೆಡುವುದೆಂಬ ಕಾರಣದಿಂದ, ಈ ಯಾತ್ರೆಯಾದೊಡನೆ ಇದನ್ನು ಗುಜರಿಗೆ ಕೊಟ್ಟುಬಿಡುವುದೆಂದು ಮಕ್ಕಳು ನಿಶ್ಚಯಿಸಿದ್ದರು. ಎಂಬತ್ತು ದಾಟಿದ್ದ ಮಿತ್ರರ ತಾಯಿಯವರು ಹಿಂದಿನ ಆಸನದಲ್ಲಿದ್ದರು. ಪತಿಯೊಡನೆ ಇದೇ ಗಾಡಿಯಲ್ಲಿ ವರ್ಷವರ್ಷವೂ ಕಾರಣಿಕಕ್ಕೆ ಬಂದವರು ಅವರು. ಮಾರುವ ಮಾತು ಬಂದಾಗ ಅವರೆಂದುದಿಷ್ಟೆ: “ಮಾರೋದಾದ್ರ ಮಾರ್ರಿ. ಆದ್ರ ಅದಕ್ಕ ಏನಾಗೇತಿ ಅಂತ ತಿಳಕೊಂಡು ಮಾರ್ರಿ.”

ಅಂದು ಹಸ್ತದ ಮಳೆ ಬಿಡದೆ ಸುರಿಯುತ್ತಿದ್ದಿತು. ರಾಣೇಬೆನ್ನೂರನ್ನು ಬಿಟ್ಟ ಮೇಲೆ ತಗ್ಗಿನ ನೀರನ್ನು ಚಿಮ್ಮಿಸುತ್ತ ಸ್ವಲ್ಪ ದೂರ ಹೋದೆವೋ ಇಲ್ಲವೋ, ಯಂತ್ರವು ಕೆಮ್ಮಲಾರಂಭಿಸಿತು. ಗಾಡಿ ಜಗ್ಗಿ ಜಗ್ಗಿ ನಡೆಯಿತು. “ಮಿಸ್ಸಿಂಗ್ ಹೊಡ್ಯಾಕ ಹತ್ತೈತ್ರಿ ಮಾಸ್ತರ,” ಎಂದು ಚಾಲಕನು ಹುಣಿಸೆಯ ಮರದಡಿಯಲ್ಲಿ ನಿಲ್ಲಿಸಿದನು. ಸಂಜೆಯ ಕಾರಣಿಕಕ್ಕೆ ಎರಡು ತಾಸು ಮಾತ್ರ ಉಳಿದಿದ್ದಿತು. ದಾರಿಹೋಕರು ನೆರೆದರು. ಪೆಟ್ರೋಲಿನಲ್ಲಿ ಕಲಬೆರಕೆಯೆಂದು ಒಬ್ಬರು, ಕಾರ್ಬುರೇಟರಿನಲ್ಲಿ ಕಸವೆಂದು ಇನ್ನೊಬ್ಬರು, ದೃಷ್ಟಿ ತಾಗಿದೆ ನಿಂಬೆಹಣ್ಣು ಕಟ್ಟಿರೆಂದು ಮತ್ತೊಬ್ಬರು ಹೇಳಿದರು.

ಅಷ್ಟರಲ್ಲಿ ಟ್ರಾಕ್ಟರಿನಲ್ಲಿ ಬರುತ್ತಿದ್ದ ಯಾತ್ರಿಕರ ಗುಂಪಿನಿಂದ ವೃದ್ಧನೊಬ್ಬನು ಇಳಿದು ಬಂದನು. ಗ್ಯಾರೇಜಿನಲ್ಲಿ ಆಯುಷ್ಯವನ್ನು ಕಳೆದವನು. ಆತನು ಏನನ್ನೂ ಊಹಿಸದೆ, ಯಂತ್ರವು ನಡೆಯುತ್ತಿರುವಂತೆಯೇ ರಬ್ಬರು ಹಿಡಿಯ ಇಕ್ಕಳದಿಂದ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸೇರಿಸಿದನು. ಒಂದನೆಯದನ್ನು ಕಿತ್ತಾಗ ನಡೆ ಇನ್ನೂ ಕೆಟ್ಟಿತು, ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಕಿತ್ತಾಗ ಯಾವ ವ್ಯತ್ಯಾಸವೂ ಆಗಲಿಲ್ಲ. ನಾಲ್ಕನೆಯದಕ್ಕೆ ಪುನಃ ಕೆಟ್ಟಿತು. ಆದುದರಿಂದ ಕೆಲಸಮಾಡದೆ ಕುಳಿತದ್ದು ಮೂರನೆಯ ಸಿಲಿಂಡರು. ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳನ್ನು ಪಾಠಶಾಲೆಯಲ್ಲಿ ಹಲವು ವರ್ಷ ಬೋಧಿಸಿದ ನಮಗೆ, ಅವು ಕೆಸರಿನ ರಸ್ತೆಯಲ್ಲಿ ಇಷ್ಟು ಸ್ಪಷ್ಟವಾಗಿ ಗೋಚರಿಸಿದ್ದು ಅಂದೇ.

ಇದರ ಮರ್ಮವನ್ನು ಗೃಹಸ್ಥರಾದ ವಾಚಕರು ತಿಳಿದಿರುವುದೊಳ್ಳೆಯದು. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತನ್ನು ಕಾಯಿಲೆಂಬ ಸುರುಳಿಯು ಸಾವಿರಾರು ವೋಲ್ಟುಗಳಿಗೆ ಏರಿಸುವುದು. ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರು ಅದನ್ನು ಸರದಿಯಂತೆ ನಾಲ್ಕು ಪ್ಲಗ್ಗುಗಳಿಗೆ ಹಂಚುವುದು. ಯಂತ್ರವು ನಿಮಿಷಕ್ಕೆ 3000 ಸುತ್ತು ತಿರುಗುವಾಗ 6000 ಕಿಡಿಗಳು ಹುಟ್ಟಬೇಕು. ಇಷ್ಟು ಒತ್ತಡದ ವಿದ್ಯುತ್ತಿಗೆ ಧೂಳಿನೊಡನೆ ಬೆರೆತ ತೇವದ ತೆಳುಪದರವೂ ಹೆದ್ದಾರಿಯೇ. ಅದು ಪ್ಲಗ್ಗಿನ ಸಂದನ್ನು ಹಾರುವ ಬದಲು ಒದ್ದೆಯ ಮೈಮೇಲೆ ಹರಿದು ಲೋಹವನ್ನು ಸೇರುವುದು. ಹರಿದಲ್ಲಿ ಮಸಿಯ ಗೆರೆಯನ್ನು ಸುಟ್ಟು ಉಳಿಸುವುದು. ಮುಂದಿನ ಮಳೆಯಲ್ಲಿ ಆ ಗೆರೆಯೇ ಸಿದ್ಧವಾದ ಕಾಲುದಾರಿ.

ವೃದ್ಧನು ಮೂರನೆಯ ಪ್ಲಗ್ಗನ್ನು ಎರಡನೆಯದರೊಡನೆ ಬದಲಿಸಿ ನೋಡಿದನು. ದೋಷವು ಮೂರರಲ್ಲಿಯೇ ಉಳಿಯಿತು. ಆದಕಾರಣ ಪ್ಲಗ್ಗು ನಿರ್ದೋಷಿ. ಯಂತ್ರವನ್ನು ನಿಲ್ಲಿಸಿ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಬಿಚ್ಚಿದಾಗ ಒಳಗೆ ನೀರಿನ ಹನಿಗಳೂ, ಮೂರನೆಯ ಮೊಳೆಯಿಂದ ಅಂಚಿನವರೆಗೆ ಕೂದಲೆಳೆಯಂತಹ ಕಪ್ಪು ಬಿರುಕೂ ಕಂಡವು. ತಾಯಿಯವರು ತಮ್ಮ ಗಂಟಿನಿಂದ ಒಣಬಟ್ಟೆಯೊಂದನ್ನು ಕೊಟ್ಟರು. ಮುಚ್ಚಳ, ರೋಟರು, ವೈರುಗಳನ್ನೆಲ್ಲ ಒರಸಿ, ಗೆರೆಯನ್ನು ಚಾಕುವಿನಿಂದ ಕೆರೆದು ಜೋಡಿಸಿದೊಡನೆ ಯಂತ್ರವು ನುಣುಪಾಗಿ ನಡೆಯಿತು. “ಇದು ಇವತ್ತಿನ ಮಟ್ಟಿಗೆ ಅಷ್ಟರಿ. ಹೊಸಾ ಕ್ಯಾಪ್ ಹಾಕಿಸ್ರಿ,” ಎಂದು ಹೇಳಿ, ಕೊಟ್ಟ ಹಣವನ್ನು ಮುಟ್ಟದೆ ಆತನು ಟ್ರಾಕ್ಟರನ್ನೇರಿದನು.

ಗುಡ್ಡವನ್ನು ತಲಪಿದಾಗ ಮಳೆ ಹೊಳವಾಗಿದ್ದಿತು. ಭಂಡಾರದ ಅರಿಸಿನದಿಂದ ನೆಲವೆಲ್ಲ ಹಳದಿಯಾಗಿ, ಕರಿಕಂಬಳಿಯ ಗೊರವರ ಡಮರುಗಧ್ವನಿ ತುಂಬಿದ್ದಿತು. ತಾಯಿಯವರು ಗೊರವಯ್ಯನ ನುಡಿಯನ್ನು ನಿಂತೇ ಕೇಳಿದರು. ಸುತ್ತಲಿನವರು ಅದಕ್ಕೆ ನಾಲ್ಕು ವಿಧದ ಅರ್ಥ ಹೇಳುತ್ತಿದ್ದರು. ದೈವದ ವಾಣಿಗೆ ನಾಲ್ಕು ಅರ್ಥಗಳು ಇರಬಹುದು. ಯಂತ್ರದ ಕೆಮ್ಮಿಗೆ ಮಾತ್ರ ಪರೀಕ್ಷೆಯಿಂದ ದೊರೆತದ್ದೇ ಅರ್ಥ.

ಇಂತಹ ಹಳೆಯ ಗಾಡಿಯುಳ್ಳವರು ಮಳೆಗಾಲಕ್ಕೆ ಮೊದಲೇ ಮುಚ್ಚಳವನ್ನೂ ವೈರುಗಳನ್ನೂ ನೋಡಿಸತಕ್ಕದ್ದು. ಕತ್ತಲೆಯಲ್ಲಿ ಯಂತ್ರವನ್ನು ನಡೆಸಿ ನೋಡಿದರೆ ಸೋರುವ ವಿದ್ಯುತ್ತು ನೀಲಿಯ ಕಿಡಿಯಾಗಿ ತಾನೇ ಕಾಣಿಸಿಕೊಳ್ಳುವುದು. ಒಣಗಿದ ಮೇಲೂ ನಡೆ ಸರಿಹೋಗದಿದ್ದರೆ ಪೆಟ್ರೋಲಿನಲ್ಲಿ ನೀರು ಸೇರಿದೆಯೇ ಎಂದು ನೋಡಬೇಕು. ಆಳವಾದ ನೀರಿನಲ್ಲಿ ಯಂತ್ರವು ನಿಂತುಹೋದರೆ ಮತ್ತೆ ಚಾಲೂ ಮಾಡಲೇಬಾರದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ, ನೀರು ಕುಗ್ಗದ ವಸ್ತುವಾದುದರಿಂದ ಒಳಗಿನ ಉಕ್ಕಿನ ದಂಡವೇ ಬಾಗುವುದು. ನೀರನ್ನು ದಾಟಿದ ಬಳಿಕ ಬ್ರೇಕನ್ನು ಮೆಲ್ಲಮೆಲ್ಲನೆ ಒತ್ತಿ ಒಣಗಿಸಿಕೊಂಡೇ ಮುಂದುವರಿಯಬೇಕು.

ಮಿತ್ರರು ಮರುವಾರವೇ ಹೊಸ ಮುಚ್ಚಳವನ್ನು ಹಾಕಿಸಿದರು. ಗುಜರಿಯ ವ್ಯಾಪಾರಿಯು ಬಂದಾಗ ತಾಯಿಯವರು ಜಗಲಿಯಲ್ಲಿ ಕುಳಿತಿದ್ದರು. ಮಕ್ಕಳು ಅವರ ಮುಖವನ್ನೊಮ್ಮೆ ನೋಡಿ, ವ್ಯಾಪಾರಿಗೆ ಚಹ ಕೊಟ್ಟು ಕಳುಹಿಸಿದರು.