ಸೋಮಾರಿ ತೂಬಿನ ಗಡಿಯಾರ

ಡ್ವಾರ್ಫ್ ಫೋರ್ಟ್ರೆಸ್ ಆಡುವವರು ಸಾಮಾನ್ಯವಾಗಿ ಚಿನ್ನದ ಹಿಂದೆ ಬೀಳುತ್ತಾರೆ, ಇಲ್ಲವೇ ಯುದ್ಧದ ಹಿಂದೆ. ಆಡಮ್ಸ್ ಸಹೋದರರು 2006ರಲ್ಲಿ ಹೊರಬಿಟ್ಟ ಈ ಆಟದಲ್ಲಿ ಗಡ್ಡದ ಕುಳ್ಳರು ಬೆಟ್ಟ ಕೊರೆದು ಊರು ಕಟ್ಟುತ್ತಾರೆ. ಉಡುಮಲೈಪೇಟೆಯ ನಮ್ಮ ಮನೆಯಲ್ಲಿ ರಾತ್ರಿ ಊಟ ಮುಗಿದ ಮೇಲೆ ನಾನು ಅವರ ಕೈಯಲ್ಲಿ ಕಟ್ಟಿಸುವುದು ನೀರಿನ ಗಡಿಯಾರ ಮಾತ್ರ.

ಒಂದು ತೊಟ್ಟಿ, ಒಳಕ್ಕೊಂದು ತೂಬು, ಹೊರಕ್ಕೊಂದು ತೂಬು, ತಳದಲ್ಲಿ ಎರಡು ಒತ್ತುಹಲಗೆ. ಆಟದಲ್ಲಿ ನೀರಿನ ಆಳಕ್ಕೆ ಒಂದರಿಂದ ಏಳರವರೆಗೆ ಅಂಕಿ. ಮೂರು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಮೊದಲ ಹಲಗೆ ಒಳತೂಬನ್ನು ತೆರೆಸುತ್ತದೆ; ಐದು ಮುಟ್ಟಿದರೆ ಎರಡನೆಯದು ಹೊರತೂಬನ್ನು. ತೂಬುಗಳು ಹೇಳಿದ ತಕ್ಷಣ ಕೇಳುವಂತಿದ್ದರೆ ನೀರು ನಾಲ್ಕಕ್ಕೆ ಬಂದು ತೆಪ್ಪಗೆ ಕೂರುತ್ತಿತ್ತು, ಗಡಿಯಾರವೇ ಇರುತ್ತಿರಲಿಲ್ಲ. ಆದರೆ ಆಟದ ತೂಬು ಮಹಾ ಸೋಮಾರಿ: ಅಪ್ಪಣೆಯಾಗಿ ನೂರು ಟಿಕ್ ಕಳೆದ ಮೇಲೇ ಅಲುಗುವುದು. ಟಿಕ್ ಎಂದರೆ ಆಟದ ಕಾಲದ ಚಿಕ್ಕ ತುಣುಕು; ಕುಳ್ಳರ ಒಂದು ದಿನಕ್ಕೆ 1200 ಟಿಕ್. ನಮ್ಮ ಹಳೆಯ ಗಳಿಗೆಬಟ್ಟಲಿನ ಲೆಕ್ಕದಲ್ಲಿ ದಿನಕ್ಕೆ 60 ಗಳಿಗೆ. ಅಂದರೆ ತೂಬು ಐದು ಗಳಿಗೆ, ಪೂರಾ ಎರಡು ಗಂಟೆ ತಡ! ಅಷ್ಟರಲ್ಲಿ ನೀರು ಏಳಕ್ಕೇರಿರುತ್ತದೆ. ಇಳಿಯುವಾಗಲೂ ಇದೇ ಕಥೆ. ಆ ತಡವೇ ಗಡಿಯಾರದ ಉಸಿರು.

ನನಗೆ ಅತಿ ಇಷ್ಟವಾದದ್ದು ತೊಟ್ಟಿ ಬರಿದಾಗುವ ಹೊತ್ತು. ಏಳು, ಐದು, ಮೂರು ಎಂದು ಅಂಕಿಗಳು ಕುಸಿದು, ಕೊನೆಗೆ ಕೆಲವು ಒಂದುಗಳು ಮಾತ್ರ ಉಳಿಯುತ್ತವೆ. ಅವು ನೆಲದ ಮೇಲೆ ಗೊತ್ತುಗುರಿಯಿಲ್ಲದೆ ಅಲೆದು, ಒಂದೊಂದಾಗಿ ಆವಿಯಾಗುತ್ತವೆ. ಯಾವುದು ಎತ್ತ ಹೋದೀತೆಂದು ಹೇಳಲಾಗದು. ಹಾಗಾಗಿ ಒಂದು ಬಡಿತದಂತೆ ಇನ್ನೊಂದಿಲ್ಲ. ಆಟದಲ್ಲೇ ಗಣಿಬಂಡಿ ಓಡಿಸಿ ಕಟ್ಟುವ ಗಡಿಯಾರ ಇದಕ್ಕಿಂತ ಕರಾರುವಾಕ್ಕು ಎನ್ನುತ್ತಾರೆ ಜಾಣರು. ಇರಬಹುದು, ಕರಾರುವಾಕ್ಕು ಬೇಕಾದವರಿಗೆ ಕೈಗಡಿಯಾರವಿದೆಯಲ್ಲ.

ಇನ್ನೊಂದು ಮೋಜಿದೆ. ಆಟದ ನೀರುಚಕ್ರ 100 ಘಟಕ ಶಕ್ತಿ ಕೊಟ್ಟು 10 ತಿನ್ನುತ್ತದೆ, ಪಂಪಿಗೆ ಬೇಕಾದದ್ದೂ 10. ಪಂಪು ಎತ್ತಿದ ನೀರೇ ಚಕ್ರ ತಿರುಗಿಸುತ್ತದೆ, ಚಕ್ರವೇ ಪಂಪು ನಡೆಸುತ್ತದೆ, ಮೇಲೆ 80 ಲಾಭ. ಕೊಯಮತ್ತೂರಿನ ಪಂಪ್‌ಸೆಟ್ ಕಾರ್ಖಾನೆಗೆ ಹೋಗಿ ಇದನ್ನು ಹೇಳಿದರೆ ಬಾಗಿಲು ತೋರಿಸಿಯಾರು.

ಉಡುಮಲೈಪೇಟೆಯಲ್ಲಿದ್ದವರಿಗೆ ನೀರಿನ ಸರದಿಯ ಹುಚ್ಚು ಹಿಡಿಯುವುದು ಸಹಜ. ಪರಂಬಿಕುಳಂ-ಆಳಿಯಾರ್ ಯೋಜನೆಯ ಅಚ್ಚುಕಟ್ಟನ್ನು ನಾಲ್ಕು ಮಂಡಲ ಮಾಡಿ, ತಿರುಮೂರ್ತಿ ಅಣೆಕಟ್ಟಿನಿಂದ ಒಂದಾದ ಮೇಲೊಂದಕ್ಕೆ ನೀರು ಬಿಡುತ್ತಾರೆ. ತೂಬು ತೆರೆದದ್ದಕ್ಕೂ ಕಾಲುವೆಯ ಕೊನೆಯ ಹೊಲ ನೆನೆಯುವುದಕ್ಕೂ ನಡುವೆ ಎಷ್ಟು ಹೊತ್ತೆಂದು ಇಲ್ಲಿ ಚಿಕ್ಕಮಕ್ಕಳೂ ವಾದಿಸಬಲ್ಲರು. ನಾನೂ ಈಗ ನಾಲ್ಕು ತೊಟ್ಟಿ ಕೋದು, ಕುಳ್ಳರ ಅಣಬೆ ಹೊಲಕ್ಕೆ ಸರದಿಯ ನೀರು ಹಾಯಿಸುತ್ತಿದ್ದೇನೆ. ಆ ಹೊಲ ಒಮ್ಮೆ ಕೆಸರಾದರೆ ಸಾಕು, ಮತ್ತೆ ನೀರೇ ಬೇಡ. ಆದರೂ ಮೂರನೆಯ ಮಂಡಲದ ತೂಬು ಯಾಕೋ ಬೇಗ ಮುಚ್ಚಿಕೊಳ್ಳುತ್ತಿದೆ, ಇವತ್ತು ನೋಡಬೇಕು.