ಲ್ಯಾಂಕಾಶೈರಿನ ಪುಟ್ಟ ಗಾನಮಂದಿರ

ಇಂಗ್ಲೆಂಡಿಗೆ ಹೋಗಿ ಬಂದವರು ಲಂಡನ್ನಿನ ಅರಮನೆ, ಥೇಮ್ಸ್ ನದಿ, ಷೇಕ್ಸ್‌ಪಿಯರನ ಹುಟ್ಟೂರು, ಇವುಗಳ ವರ್ಣನೆ ಮಾಡುವುದು ವಾಡಿಕೆ. ಅವೆಲ್ಲವನ್ನೂ ನಾವೂ ನೋಡಿದೆವು, ಕಣ್ಣು ತಣಿಯಿತು. ಆದರೆ 2024ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನ ಮಗಳ ಮನೆಯಲ್ಲಿ ತಿಂಗಳ ಕಾಲ ಇದ್ದು ಬಂದ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿರುವುದು ಇವು ಯಾವುವೂ ಅಲ್ಲ. ಅದು ಪ್ರವಾಸಿಗರು ಸಾಮಾನ್ಯವಾಗಿ ಇಳಿಯದ ಒಂದು ಊರು. ಆ ಊರಿನಲ್ಲಿ ನೂರು ಮಂದಿ ಹಿಡಿಸುವ ಒಂದು ಕಾಫಿ ಅಂಗಡಿ. ಅಲ್ಲಿಗೆ ನಾನು ಹೋದದ್ದಾದರೂ ಹೇಗೆಂಬುದನ್ನು ಮೊದಲು ಹೇಳಬೇಕು.

“ಮಾವ, ಇಷ್ಟು ದೂರ ಬಂದು ಬೀಟಲ್ಸ್ ಹಾಡಿದ ಜಾಗವನ್ನು ನೋಡದೆ ಹೋಗುವುದುಂಟೆ?” ಎಂದು ಅಳಿಯ ಒಂದು ಶನಿವಾರ ನಮ್ಮನ್ನು ಲಿವರ್‌ಪೂಲಿಗೆ ಕರೆದೊಯ್ದ. ಮ್ಯಾಥ್ಯೂ ಬೀದಿಯೆಂಬುದು ಒಂದು ಇಕ್ಕಟ್ಟಾದ ಗಲ್ಲಿ. ಅಲ್ಲಿ ಮೆಟ್ಟಿಲಿಳಿದು ಹೋದರೆ ಇಟ್ಟಿಗೆಯ ಕಮಾನುಗಳ ನೆಲಮಾಳಿಗೆ. ಅದೇ ಕೇವರ್ನ್ ಕ್ಲಬ್ಬು. 1957ರಲ್ಲಿ ಜಾಸ್ ಸಂಗೀತಕ್ಕೆಂದು ತೆರೆದ ಈ ಮಾಳಿಗೆಯಲ್ಲಿ 1961ರಿಂದ 1963ರವರೆಗೆ ಬೀಟಲ್ಸ್ ತಂಡದವರು 292 ಬಾರಿ ಹಾಡಿದರೆಂದು ಅಲ್ಲಿಯವರ ಲೆಕ್ಕ. ನನ್ನ ಹೆಂಡತಿ ಗೋಡೆಯನ್ನು ಕೈಯಿಂದ ಸವರಿ, “ಎಷ್ಟು ಜನರ ಹಾಡು ಕೇಳಿದ ಗೋಡೆಯೋ!” ಎಂದಳು.

“ಇಟ್ಟಿಗೆ ಕೇಳಿರಬಹುದು ಅತ್ತೆ, ಗೋಡೆ ಕೇಳಿಲ್ಲ” ಎಂದ ಅಳಿಯ.

ಸಂಗತಿ ಹೀಗೆ. 1973ರಲ್ಲಿ ನೆಲದಡಿಯ ರೈಲುಮಾರ್ಗಕ್ಕೆ ಗಾಳಿಯಾಡಲು ಒಂದು ಬಾವಿಯನ್ನು ತೋಡಬೇಕೆಂದು ಕ್ಲಬ್ಬನ್ನು ಮುಚ್ಚಿಸಿ, ಮೇಲಿನ ಕಟ್ಟಡವನ್ನು ಕೆಡವಿ, ನೆಲಮಾಳಿಗೆಯನ್ನು ಮುಚ್ಚಿಬಿಟ್ಟರು. ಕಡೆಗೆ ಆ ಬಾವಿಯನ್ನು ಅಲ್ಲಿ ತೋಡಲೇ ಇಲ್ಲ! ಜಗತ್ತೇ ತಲೆದೂಗಿದ ಸಂಗೀತದ ತೊಟ್ಟಿಲು ಮೋಟಾರುಗಾಡಿಗಳನ್ನು ನಿಲ್ಲಿಸುವ ಬಯಲಾಯಿತು. ಹತ್ತು ವರ್ಷಗಳ ಮೇಲೆ ಊರಿಗೆ ತನ್ನ ತಪ್ಪಿನ ಅರಿವಾಗಿ, ಸಿಕ್ಕಿದ ಹಳೆಯ ಇಟ್ಟಿಗೆಗಳನ್ನೇ ಬಳಸಿ, 1984ರಲ್ಲಿ ಬಹುಮಟ್ಟಿಗೆ ಅದೇ ನಿವೇಶನದಲ್ಲಿ ಮತ್ತೆ ಕಟ್ಟಿದರು. ಇಂದು ದೇಶವಿದೇಶಗಳ ಜನ ಅಲ್ಲಿಗೆ ಯಾತ್ರೆ ಬರುತ್ತಾರೆ.

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ನನ್ನ ಕಣ್ಣ ಮುಂದೆ ಮೈಸೂರಿನ ಒಂದು ಛತ್ರ ಸುಳಿಯಿತು.

ನಮ್ಮ ತಂದೆಯವರು ಒಂದು ಚಿಕ್ಕ ಸಂಗೀತ ಸಭೆಗೆ ಹದಿನಾಲ್ಕು ವರ್ಷ ಕಾರ್ಯದರ್ಶಿಯಾಗಿದ್ದರು. ಸಭೆಗೆ ಸ್ವಂತ ಸೂರಿರಲಿಲ್ಲ. ಛತ್ರವೊಂದರ ನಡುಮನೆಯೇ ವೇದಿಕೆ, ಬಾಡಿಗೆಯ ಜಮಖಾನವೇ ಆಸನ. ಕಚೇರಿ ಮುಗಿದ ರಾತ್ರಿ ತಂದೆಯವರು ಲಾಂದ್ರದ ಬೆಳಕಿನಲ್ಲಿ ಲೆಕ್ಕ ಬರೆಯುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ: ವಿದ್ವಾಂಸರ ಸಂಭಾವನೆ, ಪಕ್ಕವಾದ್ಯದವರಿಗೆ ಇಷ್ಟು, ಮೈಕಿನವನಿಗೆ ಇಷ್ಟು, ರೈಲುಚಾರ್ಜು, ಹೂವು, ವೀಳ್ಯದೆಲೆ, ಛತ್ರದ ಬಾಡಿಗೆ. ಜಮೆಯ ಪುಟ ಅರ್ಧಕ್ಕೇ ನಿಲ್ಲುತ್ತಿತ್ತು. ಸಹಾಯಧನಕ್ಕೆಂದು ಒಂದು ಕಚೇರಿಗೆ ಅರ್ಜಿ ಹಾಕಿದರು. ಮೊದಲು ಖರ್ಚು ಮಾಡಿ, ರಸೀದಿಗಳನ್ನು ಒಪ್ಪಿಸಿ, ಆಮೇಲೆ ಹಣಕ್ಕೆ ಕಾಯಬೇಕೆಂದು ಉತ್ತರ ಬಂದಿತು. ಕಾದರು. ಅಷ್ಟರಲ್ಲಿ ಛತ್ರದ ಒಡೆಯರು ಜಾಗವನ್ನು ಮಾರಿದರು. ಹಣ ಮಂಜೂರಾದ ಕಾಗದ ಕೈಸೇರಿದ ದಿನ ಹಾಡುವುದಕ್ಕೆ ಜಾಗವೇ ಇರಲಿಲ್ಲ. ಕೊನೆಯ ಕಚೇರಿಯ ಸಂಭಾವನೆಯನ್ನು ತಂದೆಯವರು ತಿಂಗಳಿಗೆ ಹತ್ತು ರೂಪಾಯಿಯಂತೆ ಮನಿಯಾರ್ಡರು ಮಾಡಿ ತೀರಿಸಿದರು. ಆ ಸಭೆಯ ಹೆಸರು ಇಂದು ಯಾರಿಗೂ ನೆನಪಿಲ್ಲ.

ಮನೆಗೆ ಬಂದ ಮೇಲೆ ಈ ಕಥೆಯನ್ನು ಮಗಳಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣ, ಹಾಗಿದ್ದರೆ ನೀವು ಆಥರ್ಟನ್ನಿಗೆ ಹೋಗಿಬರಬೇಕು. ಅರ್ಧ ಗಂಟೆಯ ದಾರಿ” ಎಂದಳು.

ಮರುವಾರ ಮ್ಯಾಂಚೆಸ್ಟರಿನ ವಿಕ್ಟೋರಿಯಾ ನಿಲ್ದಾಣದಲ್ಲಿ ವಿಗನ್ ಕಡೆಯ ಗಾಡಿ ಹತ್ತಿದೆವು. ಆಥರ್ಟನ್ ಹಿಂದೆ ಲ್ಯಾಂಕಾಶೈರಿಗೆ ಸೇರಿದ್ದ ಊರು. 1974ರಿಂದ ಗ್ರೇಟರ್ ಮ್ಯಾಂಚೆಸ್ಟರಿನ ಭಾಗ. ಬೋಲ್ಟನ್ನಿಗೂ ಲೀಗೂ ನಡುವೆ ಇರುವ ಈ ಊರು ಒಂದು ಕಾಲಕ್ಕೆ ಕಲ್ಲಿದ್ದಲಿನಿಂದಲೂ ಹತ್ತಿಯ ಗಿರಣಿಗಳಿಂದಲೂ ಬಾಳಿತು. ಗಣಿಯಿಂದ ಮೇಲೆ ಬಂದ ಕೆಲಸಗಾರರು ಮೈ ತೊಳೆದುಕೊಂಡು ಮನೆಗೆ ಹೋಗಲೆಂದು ಬ್ರಿಟನ್ನಿನಲ್ಲೇ ಮೊಟ್ಟಮೊದಲು ಗಣಿಬಾಯಿಯ ಸ್ನಾನಗೃಹ ಕಟ್ಟಿದ್ದು 1913ರಲ್ಲಿ, ಇಲ್ಲಿನ ಗಿಬ್‌ಫೀಲ್ಡ್ ಗಣಿಯಲ್ಲಿ. ಇಂದು ಆ ಗಣಿಗಳಿಲ್ಲ. ಕೆಂಪು ಇಟ್ಟಿಗೆಯ ಸಾಲುಮನೆಗಳು, ಊರ ನಡುವೆ ಕಲ್ಲಿನ ಚರ್ಚು, ಜಿನುಗುವ ಮಳೆ. ಇಷ್ಟೇ ಕಣ್ಣಿಗೆ ಬೀಳುವುದು. ಮಾರ್ಕೆಟ್ ಬೀದಿಯಲ್ಲಿ ನಡೆದು ನಾವು ‘ಸ್ನಗ್’ ಎಂಬ ಅಂಗಡಿಯ ಬಾಗಿಲನ್ನು ತಳ್ಳಿದೆವು. ನಮ್ಮ ಭಾಷೆಯಲ್ಲಿ ‘ಬೆಚ್ಚನೆಯ ಮೂಲೆ’ ಎನ್ನಬಹುದು. ಹಗಲು ಕಾಫಿ, ಇರುಳು ಸಂಗೀತ. ಆ ಸಂಜೆ ನಾಲ್ವರು ತರುಣರು ಗಿಟಾರು, ಡ್ರಮ್ಮುಗಳೊಡನೆ ಹಾಡಿದರು. ಅವರ ಸಂಗೀತ ನನ್ನ ಕಿವಿಗೆ ಒಗ್ಗಲು ಸ್ವಲ್ಪ ಹೊತ್ತು ಬೇಕಾಯಿತು. ಆದರೆ ಮೂರು ಮೊಳ ದೂರದಲ್ಲಿ ಹಾಡುವವನ ಕೊರಳಿನ ನರ ಉಬ್ಬುವುದನ್ನು ನೋಡುತ್ತ ಕೇಳುವ ಸುಖ ಮಾತ್ರ ನಮ್ಮ ಛತ್ರದ್ದೇ.

ಈ ಅಂಗಡಿಯ ವಿಶೇಷವೇನು? ಇದರ ಸೂರಿನ ಒಡೆತನ.

ಬ್ರಿಟನ್ನಿನಲ್ಲಿ ಇಂತಹ ಚಿಕ್ಕ ಸಂಗೀತದ ತಾಣಗಳು 800ಕ್ಕೂ ಹೆಚ್ಚಿವೆ. ಅವುಗಳ ಹಿತ ಕಾಯಲು 2014ರಲ್ಲಿ ‘ಮ್ಯೂಸಿಕ್ ವೆನ್ಯೂ ಟ್ರಸ್ಟ್’ ಎಂಬ ಧರ್ಮಸಂಸ್ಥೆ ಹುಟ್ಟಿತು. ಅದು ಲೆಕ್ಕ ಹಾಕಿ ನೋಡಿದಾಗ ಕಂಡುದು ಇದು: ನೂರರಲ್ಲಿ 93 ತಾಣಗಳು ಬಾಡಿಗೆಯ ಕಟ್ಟಡದಲ್ಲಿವೆ, ಸಾಮಾನ್ಯವಾಗಿ ಕರಾರಿನಲ್ಲಿ ಉಳಿದಿರುವ ಅವಧಿ ಕೇವಲ 18 ತಿಂಗಳು. 2023ರಲ್ಲಿ ಅವುಗಳ ಸರಾಸರಿ ಲಾಭ ನೂರು ಪೌಂಡಿಗೆ ಅರ್ಧ ಪೌಂಡು. ಆ ಒಂದೇ ವರ್ಷದಲ್ಲಿ 125 ತಾಣಗಳು ಬಾಗಿಲು ಮುಚ್ಚಿದುವು, ಇಲ್ಲವೇ ಸಂಗೀತವನ್ನು ನಿಲ್ಲಿಸಿದುವು. ಅರ್ಧ ಪೌಂಡಿನ ಲಾಭದಲ್ಲಿ ಬಾಡಿಗೆ ಏರಿದರೆ ತಡೆಯುವ ಶಕ್ತಿ ಯಾರಿಗಿದೆ?

ಸರ್ಕಾರದ ಸಹಾಯವಿಲ್ಲವೆ ಎಂದು ಓದುಗರು ಕೇಳಬಹುದು. ಉಂಟು, ಅದಕ್ಕೊಂದು ಸೊಗಸಾದ ಚರಿತ್ರೆಯೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ಚಿತ್ರಗಳನ್ನೆಲ್ಲ ಸುರಕ್ಷಿತ ಸ್ಥಳಕ್ಕೆ ಸಾಗಿಸಿ ಬರಿದಾಗಿದ್ದ ನ್ಯಾಷನಲ್ ಗ್ಯಾಲರಿಯಲ್ಲಿ ಮೈರಾ ಹೆಸ್ ಎಂಬ ಪಿಯಾನೋ ವಿದುಷಿ ಮಧ್ಯಾಹ್ನದ ಕಚೇರಿಗಳನ್ನು ಏರ್ಪಡಿಸಿದರು. ಒಂದು ಷಿಲಿಂಗು ಪ್ರವೇಶ. 1939ರಿಂದ 1946ರವರೆಗೆ 1,698 ಕಚೇರಿಗಳು! 1940ರಲ್ಲಿ ಪಿಲ್‌ಗ್ರಿಮ್ ಟ್ರಸ್ಟಿನವರು ಕೊಟ್ಟ 25,000 ಪೌಂಡುಗಳಿಂದ ಸಂಗೀತ, ಕಲೆಗಳನ್ನು ಪ್ರೋತ್ಸಾಹಿಸುವ ಒಂದು ಮಂಡಲಿ ಆರಂಭವಾಯಿತು. ಅರ್ಥಶಾಸ್ತ್ರಜ್ಞ ಕೇನ್ಸ್ 1942ರಲ್ಲಿ ಅದರ ಅಧ್ಯಕ್ಷರಾದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಅದೇ ಆರ್ಟ್ಸ್ ಕೌನ್ಸಿಲ್ ಎಂಬ ಶಾಶ್ವತ ಸಂಸ್ಥೆಯಾಯಿತು.

ಇಂದು ಇಂಗ್ಲೆಂಡಿನ ಆರ್ಟ್ಸ್ ಕೌನ್ಸಿಲಿಗೆ ಸರ್ಕಾರದ ಬೊಕ್ಕಸದಿಂದಲೂ ರಾಷ್ಟ್ರೀಯ ಲಾಟರಿಯಿಂದಲೂ ಹಣ ಬರುತ್ತದೆ. ಅದೃಷ್ಟ ಪರೀಕ್ಷೆಗೆಂದು ಚೀಟಿ ಕೊಂಡು ಸೋತವನು ತನಗರಿವಿಲ್ಲದೆಯೇ ಸಂಗೀತದ ಪೋಷಕನಾಗುತ್ತಾನೆ! ದೊಡ್ಡ ಗೀತನಾಟಕ ಮಂದಿರಗಳಿಗೆ ಸಲ್ಲುತ್ತಿದ್ದ ಈ ಸಹಾಯ ಚಿಕ್ಕ ತಾಣಗಳಿಗೆ ಹರಿದುಬರಲು ಬಹಳ ಕಾಲ ಹಿಡಿಯಿತು. 2019ರಲ್ಲಿ ಅವುಗಳಿಗೆಂದೇ ಒಂದು ನಿಧಿ ಮೀಸಲಾಯಿತು. ಕೋವಿಡ್ ಪಿಡುಗಿನಲ್ಲಿ, 2020ರ ಜುಲೈನಲ್ಲಿ, ಸರ್ಕಾರ ಕಲಾಕ್ಷೇತ್ರಕ್ಕೆಲ್ಲ 157 ಕೋಟಿ ಪೌಂಡುಗಳ ನೆರವನ್ನು ಘೋಷಿಸಿತು. ಚಿಕ್ಕ ತಾಣಗಳೂ ಅದರಿಂದ ಉಸಿರು ಹಿಡಿದುವು. 2023ರಲ್ಲಿ ಮತ್ತೆ 50 ಲಕ್ಷ ಪೌಂಡು ಬಂದಿತು. ಸಭಾಂಗಣದವರು ಮಾತ್ರವಲ್ಲ, ಸ್ವಂತ ಜಾಗವಿಲ್ಲದೆ ಊರೂರಿನಲ್ಲಿ ಕಚೇರಿ ಏರ್ಪಡಿಸುವ ಸಂಯೋಜಕರೂ ಅದಕ್ಕೆ ಅರ್ಜಿ ಹಾಕಬಹುದಾಗಿತ್ತು. ನಮ್ಮ ತಂದೆಯವರಂಥವರನ್ನೂ ಲೆಕ್ಕಕ್ಕೆ ತೆಗೆದುಕೊಂಡರಲ್ಲ ಎಂದು ನನಗೆ ಸಂತೋಷವಾಯಿತು.

ಆದರೆ ಸಹಾಯಧನದ ಸ್ವಭಾವ ಎಲ್ಲ ದೇಶಗಳಲ್ಲಿಯೂ ಒಂದೇ. ಅದು ‘ಯೋಜನೆ’ಗೆ ಬರುತ್ತದೆ: ಹೊಸ ದೀಪಗಳಿಗೆ, ಧ್ವನಿವರ್ಧಕಗಳಿಗೆ, ತರುಣ ಕಲಾವಿದರ ಮಾಲಿಕೆಗೆ. ಯೋಜನೆ ಮುಗಿಯಿತೆಂದರೆ ಹಣವೂ ಮುಗಿಯಿತು. ತಿಂಗಳ ಮೊದಲ ತಾರೀಖಿಗೆ ಬಾಗಿಲು ತಟ್ಟುವ ಬಾಡಿಗೆಗೆ ಮಾತ್ರ ಮುಕ್ತಾಯವಿಲ್ಲ. ಒಳ್ಳೆಯ ದೀಪಗಳನ್ನು ತೂಗುಹಾಕಿದ ಮೇಲೆ ಕಟ್ಟಡ ಮಾರಾಟವಾದರೆ ಆ ದೀಪಗಳನ್ನು ಕಟ್ಟಿಕೊಂಡು ಹೋಗುವುದೆಲ್ಲಿಗೆ?

ಆದ್ದರಿಂದ ಟ್ರಸ್ಟಿನವರು 2022ರಲ್ಲಿ ಬೇರೆ ದಾರಿ ಹಿಡಿದರು. ಕಟ್ಟಡಗಳನ್ನೇ ಕೊಂಡುಬಿಡುವುದೆಂದು ನಿಶ್ಚಯಿಸಿ, ಸಹಕಾರ ತತ್ತ್ವದ ಒಂದು ಸಂಘವನ್ನು ರಚಿಸಿ, ಸಾರ್ವಜನಿಕರಿಗೆ ಷೇರು ಮಾರಿದರು. ಕನಿಷ್ಠ ಷೇರು 200 ಪೌಂಡು. ಎಷ್ಟೇ ಹಣ ಹಾಕಿದರೂ ಒಬ್ಬರಿಗೆ ಒಂದೇ ಮತ. ಸಾವಿರಕ್ಕೂ ಹೆಚ್ಚು ಮಂದಿ ಸೇರಿ 20 ಲಕ್ಷ ಪೌಂಡಿಗೂ ಮಿಕ್ಕಿ ಕೊಟ್ಟರು. ಆರ್ಟ್ಸ್ ಕೌನ್ಸಿಲ್ 5 ಲಕ್ಷ ಪೌಂಡು ಕೊಟ್ಟಿತು. ಹೀಗೆ ಮೊಟ್ಟಮೊದಲು, 2023ರ ಅಕ್ಟೋಬರಿನಲ್ಲಿ, ಕೊಂಡ ಕಟ್ಟಡವೇ ಆಥರ್ಟನ್ನಿನ ಈ ಸ್ನಗ್. ಅನಂತರ ಪ್ರೆಸ್ಟನ್ನಿನ ಫೆರೆಟ್, ಸ್ವಾನ್ಸಿಯ ಬಂಕ್‌ಹೌಸ್ ಸೇರಿದುವು. ಸಂಗೀತ ನಡೆಯುತ್ತಿರುವಷ್ಟು ಕಾಲ ನಡೆಸುವವರನ್ನು ಎಬ್ಬಿಸುವಂತಿಲ್ಲ, ಬಾಡಿಗೆಯೂ ಹಗುರ.

ವಿರಾಮದಲ್ಲಿ ನಮ್ಮ ಮೇಜಿಗೆ ಬಂದು ಕುಳಿತ ಮುದುಕರೊಬ್ಬರು ನನ್ನ ಹೆಂಡತಿಯ ಸೀರೆಯನ್ನು ನೋಡಿ ಊರು ಯಾವುದೆಂದು ವಿಚಾರಿಸಿದರು. ಅವರ ತಂದೆ ಗಣಿಯಲ್ಲಿಯೂ ತಾಯಿ ಗಿರಣಿಯಲ್ಲಿಯೂ ದುಡಿದವರಂತೆ. “ನಾನೂ ಒಂದು ಷೇರು ಕೊಂಡಿದ್ದೇನೆ” ಎಂದರು. ಲಾಭ ಬರುವುದೇ ಎಂದು ನಾನು ಕೇಳಿದೆ.

“ಸ್ವಲ್ಪ ಬಡ್ಡಿ ಬಂದರೆ ಬಂದೀತು. ಗಣಿ ಮುಚ್ಚಿದಾಗ ನಮ್ಮನ್ನು ಯಾರೂ ಕೇಳಲಿಲ್ಲ. ಗಿರಣಿ ಮುಚ್ಚಿದಾಗಲೂ ಕೇಳಲಿಲ್ಲ. ಈ ಬಾಗಿಲನ್ನು ಮುಚ್ಚಬೇಕಾದರೆ ಮಾತ್ರ ನನ್ನನ್ನು ಕೇಳಬೇಕು” ಎಂದು ಹೇಳಿ, ಮೊಮ್ಮಗನ ವಯಸ್ಸಿನ ಆ ಹುಡುಗರ ಹಾಡಿಗೆ ಮತ್ತೆ ಕಿವಿಗೊಟ್ಟರು. ಅವರ ಮುಖದಲ್ಲಿದ್ದ ಗಾಂಭೀರ್ಯವನ್ನು ನಾನು ಹಿಂದೆ ಒಂದೇ ಕಡೆ ಕಂಡಿದ್ದೆ: ಲಾಂದ್ರದ ಬೆಳಕಿನಲ್ಲಿ, ಲೆಕ್ಕದ ಪುಸ್ತಕದ ಮುಂದೆ.

ಇದರಿಂದ ಎಲ್ಲವೂ ಬಗೆಹರಿಯಿತೆಂದು ಭಾವಿಸಬಾರದು. 800ರಲ್ಲಿ ಕೊಂಡವು ಕೆಲವೇ. ದೊಡ್ಡ ಗಾಯಕರ ಕಚೇರಿಗಳ ಟಿಕೇಟಿನಿಂದ ಒಂದೊಂದು ಪೌಂಡನ್ನು ಚಿಕ್ಕ ತಾಣಗಳಿಗೆ ಕೊಡಬೇಕೆಂಬ ಕೂಗು ಎದ್ದಿದೆ. ನಾವು ಹಿಂದಿರುಗಿದ ಮೇಲೆ, 2025ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರು ಅದಕ್ಕೆ ಒಪ್ಪಿದರೆಂದು ತಿಳಿಯಿತು. ಕೋಲ್ಡ್‌ಪ್ಲೇ ತಂಡದವರು ಆ ವರ್ಷದ ತಮ್ಮ ವೆಂಬ್ಲಿ, ಹಲ್ ಕಚೇರಿಗಳ ಆದಾಯದಲ್ಲಿ ಹತ್ತನೆಯ ಒಂದು ಪಾಲನ್ನು ಟ್ರಸ್ಟಿಗೆ ಮೀಸಲಿಟ್ಟರು. ಹೊಳೆ ತನ್ನ ಹುಟ್ಟಿನ ಊಟೆಯನ್ನು ನೆನೆಯುವುದೆಂದರೆ ಇದೇ ಅಲ್ಲವೆ?

ಗಾಡಿಯಲ್ಲಿ ಮರಳುವಾಗ ನನಗೆ ನೆನಪಾದವರು ಬಿಡಾರಂ ಕೃಷ್ಣಪ್ಪನವರು. ಹಾಡಿ ಗಳಿಸಿದ ಹಣದಿಂದ ಆ ಮಹಾನುಭಾವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಸಂಗೀತಕ್ಕೆ ಸ್ವಂತ ಸೂರು ಬೇಕೆಂಬುದು ನಮಗೇನೂ ಹೊಸ ಪಾಠವಲ್ಲ. ಆದರೆ ಕೃಷ್ಣಪ್ಪನವರಂಥವರು ಊರಿಗೊಬ್ಬರು ಹುಟ್ಟುವುದಿಲ್ಲ. ಒಬ್ಬರು ಮಾಡಲಾರದ್ದನ್ನು ಸಾವಿರ ಮಂದಿ ಕೈಲಾದಷ್ಟು ಹಾಕಿ ಮಾಡಬಹುದೆಂಬುದೇ ನಾನು ಆಥರ್ಟನ್ನಿನಲ್ಲಿ ಕಲಿತದ್ದು.

ಮೈಸೂರಿಗೆ ಬಂದ ಮೇಲೆ ಹಳೆಯ ಟ್ರಂಕಿನಿಂದ ತಂದೆಯವರ ಲೆಕ್ಕದ ಪುಸ್ತಕವನ್ನು ಹೊರತೆಗೆದೆ. ಪ್ರತಿ ಕಚೇರಿಯ ಕೊನೆಗೂ ಅವರು ಎರಡು ಸಂಖ್ಯೆಗಳನ್ನು ಬರೆದಿದ್ದರು: ‘ಟಿಕೇಟು’, ‘ಪಾಸು’. ಪಾಸಿನ ಸಂಖ್ಯೆಯೇ ಯಾವಾಗಲೂ ದೊಡ್ಡದು. ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ನಮ್ಮ ಮನೆಯ ಮಂದಿಯ ಹೆಸರುಗಳೂ ಇದ್ದುವು. ತಮ್ಮ ಸಭೆಗೇ ಮನೆಯವರಿಗೆಲ್ಲ ಅವರು ಕೈಯಿಂದ ಹಣ ಹಾಕಿ ಟಿಕೇಟು ಕೊಂಡಿದ್ದರು. ನಮಗಾರಿಗೂ ಅದು ತಿಳಿದಿರಲಿಲ್ಲ. ಈಚೆಗೆ ಬಡಾವಣೆಯ ಸಭೆಯವರು ಪರಿಚಯದ ಸಲುಗೆಯಿಂದ ಎರಡು ಪಾಸು ತಂದುಕೊಟ್ಟರು. ವಂದಿಸಿ ಹಿಂದಿರುಗಿಸಿ, ಎರಡು ಟಿಕೇಟು ಕೊಂಡೆ. “ಈಗ ಬುದ್ಧಿ ಬಂತೆ?” ಎಂದಳು ನನ್ನ ಹೆಂಡತಿ.